ಒಂದೇ ಲೆಕ್ಕದ ಪುಸ್ತಕ, ಹಲವು ಕೈಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದಾಗ, ಹಳೆಯ ನೆನಪುಗಳನ್ನಷ್ಟೇ ಬರೆದರೆ ಸಾಲದು, ಇಂದಿನವರಿಗೆ ಉಪಯೋಗವಾಗುವ ಯಾವುದಾದರೊಂದು ವಿಷಯವನ್ನು ವಿವರಿಸಬೇಕು ಎಂದು ನನಗೆ ತೋರಿತು. ಬಂದವರಲ್ಲಿ ಒಬ್ಬಾತ ನನ್ನ ಹಳೆಯ ಶಿಷ್ಯ. ಈಗ ಬೆಂಗಳೂರಿನ ಒಂದು ಕಾರ್ಖಾನೆಯ ಉಗ್ರಾಣ ವಿಭಾಗದಲ್ಲಿ ಅಧಿಕಾರಿಯಾಗಿದ್ದಾನೆ. "ಮಾಸ್ಟ್ರೇ, ನಮ್ಮಲ್ಲಿ ತುಂಬ ಹಣ ಹಾಕಿ ಹೊಸ ಸಾಫ್ಟ್‌ವೇರ್ ತಂದಿದ್ದಾರೆ. ಆದರೆ ಖರೀದಿಯವರಿಗೂ ನಮಗೂ ಮಾತಿಲ್ಲ. ನಮಗೂ ಲೆಕ್ಕಪತ್ರದವರಿಗೂ ಮಾತಿಲ್ಲ. ಏನಾದರೂ ತಪ್ಪಾದರೆ ಎಲ್ಲರೂ ಸೇರಿ ಕಂಪ್ಯೂಟರನ್ನು ಬೈಯುತ್ತೇವೆ" ಎಂದು ಅವನು ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ. ಮೂವತ್ತೈದು ವರ್ಷಗಳಿಗೂ ಹಿಂದೆ ನಮ್ಮ ಶಾಲೆಯಲ್ಲಿ ನಡೆದ ಗಂಜಿಯ ಲೆಕ್ಕದ ಪ್ರಸಂಗ ನೆನಪಾಯಿತು. ಅಂದು ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೆ ರೋಗ ಇದೇ ಆಗಿತ್ತು.

ಒಂದು ಸಂಸ್ಥೆಯ ಬೇರೆ ಬೇರೆ ವಿಭಾಗಗಳು ಒಂದೇ ತಂತ್ರಾಂಶವನ್ನು ಬಳಸುವಾಗ ಅವುಗಳ ಪರಸ್ಪರ ಸಂಬಂಧ ಕೆಲಸದ ಫಲವನ್ನು ಹೇಗೆ ನಿರ್ಧರಿಸುತ್ತದೆ ಎಂಬುದೇ ಈ ಲೇಖನದ ವಿಷಯ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಊರಿನಲ್ಲಿ ಉಳಿದವರು ಸಹ ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ಇದರ ಬಿಸಿಯನ್ನು ಅನುಭವಿಸಿದವರೇ.

ಮೂರು ಪುಸ್ತಕ, ಮೂರು ಲೆಕ್ಕ

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಗಂಜಿ ಮತ್ತು ಹೆಸರುಕಾಳಿನ ಪಲ್ಯ ಕೊಡುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಾವೇಲಿ ಸ್ಟೋರಿನಿಂದ ಅಕ್ಕಿ ಗೋಣಿಯಲ್ಲಿ ತೂಕದ ಲೆಕ್ಕದಲ್ಲಿ ಬರುತ್ತಿತ್ತು. ತರಗತಿಯ ಅಧ್ಯಾಪಕರು ಹಾಜರಿ ಪುಸ್ತಕವನ್ನು ಬರೆಯುತ್ತಿದ್ದರು. ಊಟದ ಜವಾಬ್ದಾರಿಯನ್ನು ವಹಿಸಿಕೊಂಡ ಅಧ್ಯಾಪಕರು ಉಂಡ ಮಕ್ಕಳ ಸಂಖ್ಯೆಯನ್ನೂ ಖರ್ಚಾದ ಅಕ್ಕಿಯನ್ನೂ ಬರೆಯುತ್ತಿದ್ದರು. ಗಂಜಿ ಬೇಯಿಸುವ ಅಕ್ಕ ಮಾತ್ರ ಏನನ್ನೂ ಬರೆಯುತ್ತಿರಲಿಲ್ಲ. ತಮ್ಮ ಸೇರಿನಲ್ಲಿ ಅಳೆದು ಅಕ್ಕಿಯನ್ನು ಹಾಕುತ್ತಿದ್ದರು.

ಒಂದು ವರ್ಷ ತನಿಖೆಗೆ ಅಧಿಕಾರಿಗಳು ಬರುವ ಮುನ್ನ ನಾನು ಉಗ್ರಾಣವನ್ನು ನೋಡಿದೆ. ಪುಸ್ತಕದ ಪ್ರಕಾರ ಇರಬೇಕಾದುದಕ್ಕಿಂತ ಒಂದು ಗೋಣಿಯಷ್ಟು ಅಕ್ಕಿ ಕಡಿಮೆ ಇತ್ತು. ಅನುಮಾನ ಯಾರ ಮೇಲೆ ಹೋಯಿತೆಂದು ಹೇಳಬೇಕಾಗಿಲ್ಲ. ಎರಡು ದಿನ ಆ ತಾಯಿ ತಲೆ ತಗ್ಗಿಸಿ ಕೆಲಸ ಮಾಡಿದರು. ಮೂರನೆಯ ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮಾಸ್ಟ್ರೇ, ಒಂದು ಸಲ ನನ್ನ ಸೇರನ್ನು ತೂಗಿ ನೋಡಿ" ಎಂದರು. ತೂಗಿ ನೋಡಿದೆವು. ಪುಸ್ತಕ ಬರೆಯುವವರು ಸೇರಿಗೆ ಒಂದು ಕಿಲೋ ಎಂದು ಹಿಡಿದಿದ್ದರು. ಆ ಸೇರಿನಲ್ಲಿ 1 ಕಿಲೋ 80 ಗ್ರಾಂ ಅಕ್ಕಿ ಹಿಡಿಯುತ್ತಿತ್ತು. ದಿನಕ್ಕೆ 12 ಸೇರು ಎಂದರೆ 960 ಗ್ರಾಮಿನ ವ್ಯತ್ಯಾಸ. ಐವತ್ತು ದಿನಗಳಲ್ಲಿ ಅದು 48 ಕಿಲೋ ಆಗುತ್ತದೆ. ಕಳೆದುಹೋದ ಗೋಣಿ ಮಕ್ಕಳ ಹೊಟ್ಟೆಗೇ ಹೋಗಿತ್ತು!

ಇದು ಮೊದಲ ವಾರದಲ್ಲಿಯೇ ಏಕೆ ತಿಳಿಯಲಿಲ್ಲ? ಊಟದ ಲೆಕ್ಕದ ಅಧ್ಯಾಪಕರಿಗೂ ತರಗತಿಯ ಅಧ್ಯಾಪಕರೊಬ್ಬರಿಗೂ ವೇಳಾಪಟ್ಟಿಯ ವಿಷಯದಲ್ಲಿ ಮನಸ್ತಾಪವಾಗಿ ಮಾತು ನಿಂತಿತ್ತು. ಮಕ್ಕಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿಯೇ ಕಳುಹಿಸುತ್ತಿದ್ದರು. ಅಡುಗೆಯ ಅಕ್ಕನನ್ನಂತೂ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಮುಖ್ಯೋಪಾಧ್ಯಾಯನಾದ ನನಗೆ ಈ ಮನಸ್ತಾಪ ತಿಳಿದಿತ್ತು. ತಾನಾಗಿ ಸರಿಹೋದೀತು ಎಂದು ಸುಮ್ಮನಿದ್ದೆ. ಆದುದರಿಂದ ಆ ತಪ್ಪಿನ ದೊಡ್ಡ ಪಾಲು ನನ್ನದೇ. ಪುಸ್ತಕಗಳು ಮೂರೂ ಸರಿಯಾಗಿಯೇ ಇದ್ದವು. ಅವುಗಳನ್ನು ಬರೆಯುವವರ ನಡುವಿನ ದಾರಿ ಮುಚ್ಚಿಹೋಗಿತ್ತು.

ಎಲ್ಲರಿಗೂ ಒಂದೇ ಪುಸ್ತಕ

ಈಗ ಕಾರ್ಖಾನೆಯ ವಿಷಯಕ್ಕೆ ಬರೋಣ. ಹಿಂದೆ ಖರೀದಿ, ಉಗ್ರಾಣ, ಉತ್ಪಾದನೆ, ಮಾರಾಟ, ಲೆಕ್ಕಪತ್ರ, ಸಿಬ್ಬಂದಿ ಎಂಬ ಒಂದೊಂದು ವಿಭಾಗವೂ ತನ್ನದೇ ಆದ ಪುಸ್ತಕಗಳನ್ನು ಇಟ್ಟುಕೊಳ್ಳುತ್ತಿತ್ತು. 1964ರಲ್ಲಿ ಅಮೆರಿಕದ ಜೋಸೆಫ್ ಆರ್ಲಿಕಿ ಎಂಬ ಇಂಜಿನಿಯರ್, ಯಾವ ಸಾಮಗ್ರಿ ಯಾವಾಗ ಎಷ್ಟು ಬೇಕು ಎಂಬುದನ್ನು ಕಂಪ್ಯೂಟರಿನ ಮೂಲಕ ಲೆಕ್ಕ ಹಾಕುವ ಕ್ರಮವನ್ನು ರೂಪಿಸಿದರು. 1972ರಲ್ಲಿ ಐ.ಬಿ.ಎಂ. ಕಂಪೆನಿಯನ್ನು ಬಿಟ್ಟುಬಂದ ಐವರು ಇಂಜಿನಿಯರರು ಜರ್ಮನಿಯಲ್ಲಿ 'ಸ್ಯಾಪ್' ಎಂಬ ಸಂಸ್ಥೆಯನ್ನು ಕಟ್ಟಿ, ಎಲ್ಲ ವಿಭಾಗಗಳ ಲೆಕ್ಕವನ್ನೂ ಒಂದೇ ಕಡೆ ಸೇರಿಸುವ ತಂತ್ರಾಂಶಕ್ಕೆ ಅಡಿಪಾಯ ಹಾಕಿದರು. 1990ರಲ್ಲಿ ಗಾರ್ಟ್‌ನರ್ ಎಂಬ ಸಂಸ್ಥೆ ಇಂತಹ ವ್ಯವಸ್ಥೆಗೆ 'ಇ.ಆರ್.ಪಿ.' ಎಂಬ ಹೆಸರನ್ನು ಬಳಕೆಗೆ ತಂದಿತು. ಸಂಸ್ಥೆಯ ಹಣ, ಸಾಮಗ್ರಿ, ಜನಬಲ ಎಲ್ಲವನ್ನೂ ಒಟ್ಟಾಗಿ ಯೋಜಿಸುವ ವ್ಯವಸ್ಥೆ ಎಂಬುದು ಅದರ ಭಾವಾರ್ಥ. ಸ್ಯಾಪ್ ಸಂಸ್ಥೆ 1998ರಲ್ಲಿ ಬೆಂಗಳೂರಿನಲ್ಲಿಯೂ ತನ್ನ ತಂತ್ರಾಂಶ ಕೇಂದ್ರವನ್ನು ತೆರೆಯಿತು.

ಇದರ ಒಳಗುಟ್ಟು ಬಹಳ ಸರಳ. ಒಂದು ವಿಷಯವನ್ನು ಒಬ್ಬರು ಒಮ್ಮೆ ಮಾತ್ರ ಬರೆಯಬೇಕು. ಬೇಕಾದವರೆಲ್ಲರೂ ಅದನ್ನೇ ನೋಡಬೇಕು. ನಮ್ಮ ಶಾಲೆಯ ಮೂರು ಪುಸ್ತಕಗಳ ಬದಲಿಗೆ ಒಂದೇ ದೊಡ್ಡ ಪುಸ್ತಕವಿದ್ದು, ಪ್ರತಿಯೊಬ್ಬರೂ ತಮ್ಮ ಸಾಲನ್ನು ಅದರಲ್ಲಿ ತುಂಬಿದಂತೆ.

ಒಂದು ಬಿಲ್ಲಿನ ದಾರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಖರೀದಿ ವಿಭಾಗ 100 ಗೋಣಿ ಸಿಮೆಂಟಿಗೆ ಆದೇಶವನ್ನು ಕೊಡುತ್ತದೆ. ಸಿಮೆಂಟು ಬಂದಾಗ ಉಗ್ರಾಣದವರು ಎಣಿಸಿ, ಇಷ್ಟು ಬಂದಿದೆ ಎಂದು ದಾಖಲಿಸುತ್ತಾರೆ. ಮಾರಿದವನ ಬಿಲ್ಲು ಲೆಕ್ಕಪತ್ರ ವಿಭಾಗಕ್ಕೆ ಬರುತ್ತದೆ. ಆದೇಶ, ಬಂದ ಸರಕು, ಬಿಲ್ಲು ಈ ಮೂರೂ ಹೊಂದಿಕೊಂಡರೆ ಮಾತ್ರ ಹಣ ಪಾವತಿಯಾಗುತ್ತದೆ. ವ್ಯವಸ್ಥೆ ಉತ್ತಮವಾದುದೇ, ಮೋಸಕ್ಕೆ ಅವಕಾಶ ಕಡಿಮೆ. ಆದರೆ ಉಗ್ರಾಣದವರು "ನಾಳೆ ಬರೆದರಾಯಿತು" ಎಂದು ನಾಲ್ಕು ದಿನ ಬಿಟ್ಟರೆ ಏನಾಗುತ್ತದೆ? ಸರಕು ಅಂಗಳದಲ್ಲಿಯೇ ಇದ್ದರೂ ಪುಸ್ತಕದಲ್ಲಿ ಇಲ್ಲ. ಖರೀದಿಯವರು ಇನ್ನೂ 100 ಗೋಣಿಗೆ ಆದೇಶವನ್ನು ಕೊಡಬಹುದು. ಲೆಕ್ಕಪತ್ರದವರು ಹಣವನ್ನು ತಡೆಯುತ್ತಾರೆ. ಮಾರಿದವನು ಮುಂದಿನ ಸರಕನ್ನು ತಡೆಯುತ್ತಾನೆ. ಒಬ್ಬರ ಉದಾಸೀನ ಮೂವರ ಕೆಲಸವನ್ನು ಕೆಡಿಸುತ್ತದೆ.

ಪುಸ್ತಕಗಳು ಬೇರೆ ಬೇರೆಯಾಗಿದ್ದಾಗ ತಪ್ಪು ಆಯಾ ವಿಭಾಗದ ಗೋಡೆಯೊಳಗೆ ಸ್ವಲ್ಪ ಕಾಲ ಉಳಿಯುತ್ತಿತ್ತು. ಒಂದೇ ಪುಸ್ತಕವಾದ ಮೇಲೆ ತಪ್ಪು ಕೂಡ ಕ್ಷಣಮಾತ್ರದಲ್ಲಿ ಎಲ್ಲರ ಮನೆಗೂ ಹೋಗುತ್ತದೆ. ಆದುದರಿಂದ ತಂತ್ರಾಂಶ ವಿಭಾಗಗಳ ಸಂಬಂಧವನ್ನು ತಾನಾಗಿ ಸುಧಾರಿಸುವುದಿಲ್ಲ. ಇರುವ ಸಂಬಂಧವನ್ನು, ಒಳ್ಳೆಯದಾದರೂ ಕೆಟ್ಟದ್ದಾದರೂ, ದೊಡ್ಡದು ಮಾಡುತ್ತದೆ.

ಮಿಠಾಯಿ ಕಂಪೆನಿಯ ಪಾಠ

ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷೀ ಎಂಬ ಚಾಕಲೇಟು ಕಂಪೆನಿಯದು. ಆ ದೇಶದಲ್ಲಿ ಅಕ್ಟೋಬರ್ 31ರಂದು ಹ್ಯಾಲೋವೀನ್ ಎಂಬ ಆಚರಣೆಯಿದೆ. ಅಂದು ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿಯನ್ನು ಪಡೆಯುತ್ತಾರೆ. ಮಿಠಾಯಿ ಕಂಪೆನಿಗಳಿಗೆ ಅದು ಸುಗ್ಗಿಯ ಕಾಲ. ಹರ್ಷೀ ಕಂಪೆನಿ ಸುಮಾರು 11 ಕೋಟಿ 20 ಲಕ್ಷ ಡಾಲರುಗಳನ್ನು ಖರ್ಚು ಮಾಡಿ, ಮೂರು ಬೇರೆ ಬೇರೆ ಕಂಪೆನಿಗಳ ತಂತ್ರಾಂಶಗಳನ್ನು ಒಟ್ಟಿಗೆ ಅಳವಡಿಸಲು ಹೊರಟಿತು. 48 ತಿಂಗಳು ಬೇಕೆಂದು ಸಲಹೆ ಬಂದಿದ್ದ ಕೆಲಸವನ್ನು, 2000ದ ಇಸವಿ ಬರುವ ಮೊದಲು ಮುಗಿಸಬೇಕೆಂದು 30 ತಿಂಗಳಿಗೆ ಇಳಿಸಲಾಯಿತು. 1999ರ ಏಪ್ರಿಲಿನಲ್ಲಿ ಆಗಬೇಕಾಗಿದ್ದ ಆರಂಭ ತಡವಾಗಿ ಜುಲೈಯಲ್ಲಿ, ಹಬ್ಬದ ಆದೇಶಗಳು ಬರತೊಡಗುವ ಹೊತ್ತಿನಲ್ಲಿಯೇ ಆಯಿತು.

ಫಲವೇನು? ಮಿಠಾಯಿ ಇತ್ತು, ಕೊಳ್ಳುವ ಅಂಗಡಿಗಳಿದ್ದವು; ಆದರೆ ಸುಮಾರು 10 ಕೋಟಿ ಡಾಲರು ಬೆಲೆಯ ಸರಕನ್ನು ಸಕಾಲದಲ್ಲಿ ತಲುಪಿಸಲಾಗಲಿಲ್ಲ. ಆ ಮೂರು ತಿಂಗಳ ಲಾಭ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡಾ 19ರಷ್ಟು ಕುಸಿಯಿತು.

ಅವಸರ ಒಂದು ಕಾರಣ ಎಂಬುದು ನಿರ್ವಿವಾದ. ಆದರೆ ಆ ಬಳಿಕ ಬಂದ ವಿಶ್ಲೇಷಣೆಗಳಲ್ಲಿ ಇನ್ನೊಂದು ಸಂಗತಿ ಕಾಣಿಸುತ್ತದೆ. ಅದೇ ನನ್ನ ಮನಸ್ಸನ್ನು ಹೆಚ್ಚು ತಟ್ಟಿತು. ಹಬ್ಬದ ದಟ್ಟಣೆಯ ಕಾಲದಲ್ಲಿ ಉಗ್ರಾಣದವರು ಹೆಚ್ಚುವರಿ ಮಿಠಾಯಿಯನ್ನು ಅಲ್ಲಿ ಇಲ್ಲಿ, ಖಾಲಿಯಿದ್ದ ತಾತ್ಕಾಲಿಕ ಜಾಗಗಳಲ್ಲಿ ಇಟ್ಟುಕೊಳ್ಳುವ ರೂಢಿಯಿತ್ತು. ಅದು ಅನುಭವದಿಂದ ಬಂದ ಉಪಾಯ. ಯಾವ ಕಡತದಲ್ಲಿಯೂ ಇರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಆ ಜಾಗಗಳನ್ನು ಉಗ್ರಾಣಗಳೆಂದು ದಾಖಲಿಸಿರಲಿಲ್ಲ. ಹೀಗಾಗಿ ಕಣ್ಣ ಮುಂದೆ ಇದ್ದ ಸರಕು ಕಂಪ್ಯೂಟರಿಗೆ ಕಾಣಿಸಲಿಲ್ಲ. ವ್ಯವಸ್ಥೆಯನ್ನು ಕಟ್ಟಿದವರಿಗೂ ಸರಕನ್ನು ಹೊತ್ತವರಿಗೂ ನಡುವೆ ಆಗಬೇಕಾಗಿದ್ದ ಒಂದು ಮಾತುಕತೆ ಆಗಲಿಲ್ಲ. ನಮ್ಮ ಅಡುಗೆಯ ಅಕ್ಕನ ಸೇರು ಇಲ್ಲಿಯೂ ಇತ್ತು. ತೂಗಿ ನೋಡುವವರು ಇರಲಿಲ್ಲ.

ಅದೇ ಕಂಪೆನಿ 2002ರಲ್ಲಿ ತನ್ನ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿತು. ಈ ಸಲ ಸಾಕಷ್ಟು ಪರೀಕ್ಷೆಗಳನ್ನು ನಡೆಸಿ ನಿಧಾನವಾಗಿ ಮುಂದುವರಿದುದರಿಂದ, ಅಂದಾಜಿಸಿದ್ದಕ್ಕಿಂತ ಕಡಿಮೆ ಖರ್ಚಿನಲ್ಲಿ, ಸರಬರಾಜಿಗೆ ಅಡ್ಡಿಯಿಲ್ಲದೆ ಕೆಲಸ ಮುಗಿಯಿತು.

ಅವಲಂಬನೆ ಮತ್ತು ಭಿನ್ನತೆ

ವಿಭಾಗಗಳ ಸಂಬಂಧವನ್ನು ಕುರಿತು ವಿದ್ವಾಂಸರು ಬಹುಕಾಲದಿಂದ ಆಲೋಚಿಸಿದ್ದಾರೆ. ಜೇಮ್ಸ್ ಥಾಂಪ್ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1967ರಲ್ಲಿ ವಿಭಾಗಗಳ ಪರಸ್ಪರ ಅವಲಂಬನೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಅದನ್ನು ನಮ್ಮ ಶಾಲೆಯ ಉದಾಹರಣೆಗಳಿಂದ ಹೇಳುತ್ತೇನೆ. ಮೂರನೆಯ ತರಗತಿಯ ಎ ಮತ್ತು ಬಿ ಡಿವಿಷನ್‌ಗಳು ಒಂದೇ ಸೂರಿನಡಿ ಇದ್ದರೂ ತಂತಮ್ಮ ಪಾಠವನ್ನು ತಾವು ಮಾಡಿಕೊಳ್ಳುತ್ತವೆ. ಇದು ಸಡಿಲವಾದ ಸಂಬಂಧ. ಒಂದನೆಯ ತರಗತಿಯಲ್ಲಿ ಅಕ್ಷರ ಕಲಿತ ಮಗುವೇ ಎರಡನೆಯ ತರಗತಿಗೆ ಬರಬೇಕು. ಇದು ಒಂದರ ಹಿಂದೆ ಒಂದು ಸಾಗುವ ಸಂಬಂಧ. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಹಾಡುವವರು, ಕುಣಿಯುವವರು, ಪರದೆ ಎಳೆಯುವವರು ಕ್ಷಣಕ್ಷಣಕ್ಕೂ ಒಬ್ಬರನ್ನೊಬ್ಬರು ನೋಡಿ ಹೊಂದಿಸಿಕೊಳ್ಳಬೇಕು. ಇದು ಕೊಟ್ಟು ತೆಗೆದುಕೊಳ್ಳುವ ಸಂಬಂಧ.

ಥಾಮಸ್ ಗ್ಯಾಟಿಕರ್ ಮತ್ತು ಡೇಲ್ ಗುಡ್‌ಹ್ಯೂ ಎಂಬ ಇಬ್ಬರು ಸಂಶೋಧಕರು ಅನೇಕ ಕಾರ್ಖಾನೆಗಳಿಂದ ವಿವರಗಳನ್ನು ಸಂಗ್ರಹಿಸಿ 2005ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರು ಕಂಡುಕೊಂಡದ್ದು ಮುಖ್ಯವಾಗಿ ಎರಡು ಸಂಗತಿಗಳು. ಮೊದಲನೆಯದು, ಒಂದು ಘಟಕ ಇತರ ಘಟಕಗಳನ್ನು ಎಷ್ಟು ಹೆಚ್ಚು ಅವಲಂಬಿಸಿದೆಯೋ ಅಷ್ಟು ಹೆಚ್ಚು ಪ್ರಯೋಜನ ಏಕೀಕೃತ ತಂತ್ರಾಂಶದಿಂದ ಅದಕ್ಕೆ ದೊರೆಯುತ್ತದೆ. ಎರಡನೆಯದು, ಒಂದು ಘಟಕ ಇತರ ಘಟಕಗಳಿಗಿಂತ ಎಷ್ಟು ಭಿನ್ನವಾಗಿದೆಯೋ ಅಷ್ಟು ಪ್ರಯೋಜನ ಕಡಿಮೆಯಾಗುತ್ತದೆ. ಏಕೆಂದರೆ ಎಲ್ಲರಿಗೂ ಒಂದೇ ಅಚ್ಚನ್ನು ಹಾಕಿದಾಗ ಭಿನ್ನವಾಗಿರುವವರು ತಮ್ಮ ಅಗತ್ಯಗಳನ್ನು ಬಿಟ್ಟುಕೊಡಬೇಕಾಗುತ್ತದೆ, ಇಲ್ಲವೇ ಹೆಚ್ಚಿನ ಶ್ರಮಪಟ್ಟು ಹೊಂದಿಕೊಳ್ಳಬೇಕಾಗುತ್ತದೆ.

ಅಚ್ಚಿಗೂ ರೂಢಿಗೂ ಹೊಂದಿಕೆಯಾಗದಿದ್ದರೆ ಎಷ್ಟು ನಷ್ಟವಾಗಬಹುದು ಎಂಬುದಕ್ಕೆ ಜರ್ಮನಿಯ ಲಿಡ್ಲ್ ಎಂಬ ದಿನಸಿ ಅಂಗಡಿಗಳ ಸಂಸ್ಥೆ ಸಾಕ್ಷಿ. ದಾಸ್ತಾನಿನ ಬೆಲೆಯನ್ನು ಕೊಂಡ ದರದಲ್ಲಿ ಕಟ್ಟುವುದು ಆ ಸಂಸ್ಥೆಯ ರೂಢಿ. ತಂದ ತಂತ್ರಾಂಶದ ಅಚ್ಚು ಮಾರುವ ದರವನ್ನು ಆಧಾರವಾಗಿ ಇಟ್ಟುಕೊಂಡಿತ್ತು. ಸಂಸ್ಥೆ ತನ್ನ ರೂಢಿಯನ್ನು ಬಿಡಲಿಲ್ಲ. ತಂತ್ರಾಂಶವನ್ನು ತಿದ್ದುತ್ತ ಹೋದಂತೆ ತೊಡಕು ಬೆಳೆಯಿತು. 2011ರಲ್ಲಿ ಆರಂಭಿಸಿದ ಈ ಯೋಜನೆಯನ್ನು 2018ರಲ್ಲಿ ಕೈಬಿಟ್ಟಾಗ ಖರ್ಚಾದ ಹಣ ಸುಮಾರು 50 ಕೋಟಿ ಯೂರೋ ಎಂದು ಪತ್ರಿಕೆಗಳು ವರದಿ ಮಾಡಿದವು.

ಗಡಿನಾಡಿನ ಶಾಲೆಗಳಿಗೆ ಇದರ ಅರ್ಥ

"ಇದೆಲ್ಲ ಕಾರ್ಖಾನೆಗಳ ಮಾತಾಯಿತು, ಕಾಸರಗೋಡಿನ ಕನ್ನಡ ಶಾಲೆಗೆ ಇದರಿಂದ ಏನು?" ಎಂದು ಕೆಲವರು ಕೇಳಬಹುದು. ಇಂದು ಕೇರಳದಲ್ಲಿ ಅಧ್ಯಾಪಕರ ಸಂಬಳ ಮತ್ತು ಸೇವಾ ವಿವರಗಳು 'ಸ್ಪಾರ್ಕ್' ಎಂಬ ವ್ಯವಸ್ಥೆಯಲ್ಲಿವೆ. ಮಕ್ಕಳ ವಿವರಗಳು 'ಸಂಪೂರ್ಣ' ಎಂಬ ತಂತ್ರಾಂಶದಲ್ಲಿವೆ. ವರ್ಗಾವಣೆ ಪತ್ರ ಕೂಡ ಅದರಿಂದಲೇ ಬರುತ್ತದೆ. ನನ್ನ ಕಾಲದಲ್ಲಿ ಆರನೆಯ ಕೆಲಸದ ದಿನ ಅಧಿಕಾರಿಗಳು ಬಂದು ಮಕ್ಕಳ ತಲೆಗಳನ್ನು ಎಣಿಸುತ್ತಿದ್ದರು. ಈಗ ಆ ದಿನ 'ಸಂಪೂರ್ಣ'ದಲ್ಲಿ ಇರುವ ಸಂಖ್ಯೆಯೇ ಆಧಾರ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ. ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ. ಕನ್ನಡ ವಿಭಾಗದಲ್ಲಿ ಒಂದು ಹುದ್ದೆ ಹೋದರೆ ಅದನ್ನು ಮರಳಿ ಪಡೆಯುವುದು ಎಷ್ಟು ಕಷ್ಟ ಎಂಬುದು ನಮ್ಮ ನಾಡಿನವರಿಗೆ ಹೇಳಬೇಕಾದ ಮಾತಲ್ಲ.

ಮೇಲೆ ಹೇಳಿದ ಅಧ್ಯಯನದ ಮಾತಿನಲ್ಲಿ ಹೇಳುವುದಾದರೆ, ಇಡೀ ರಾಜ್ಯದ ಶಿಕ್ಷಣ ಇಲಾಖೆ ಒಂದು ದೊಡ್ಡ ಸಂಸ್ಥೆ. ಕನ್ನಡ ಮಾಧ್ಯಮ ಅದರಲ್ಲಿ ಭಿನ್ನವಾದ ಒಂದು ಚಿಕ್ಕ ವಿಭಾಗ. ಎಲ್ಲರಿಗೂ ಒಂದೇ ಅಚ್ಚು ಬಂದಾಗ ಹೆಚ್ಚಿನ ಎಚ್ಚರಿಕೆಯನ್ನು ವಹಿಸಬೇಕಾದವರು ನಾವೇ. ಮಾಧ್ಯಮ ಎಂಬ ಅಂಕಣದಲ್ಲಿ ಒಂದು ಗುರುತು ತಪ್ಪಿದರೆ ಇರುವ ಮಗು ಲೆಕ್ಕದಲ್ಲಿ ಕನ್ನಡದ ಮಗುವಾಗಿ ಉಳಿಯುವುದಿಲ್ಲ. ಹೆಸರುಗಳದೂ ಇದೇ ಕತೆ. ದಾಖಲಾತಿ ಪುಸ್ತಕದಲ್ಲಿ ಕನ್ನಡದಲ್ಲಿ 'ಗೀತಾ' ಎಂದು ಬರೆದ ಹುಡುಗಿಯ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಕೊನೆಯಲ್ಲಿ 'ಟಿ-ಎ' ಎಂದೂ ಇನ್ನೊಬ್ಬರು 'ಟಿ-ಎಚ್-ಎ' ಎಂದೂ ಬರೆದರೆ, ನಮಗೆ ಅವಳು ಒಬ್ಬಳೇ, ಕಂಪ್ಯೂಟರಿಗೆ ಇಬ್ಬರು. ಹತ್ತು ವರ್ಷಗಳ ಬಳಿಕ ಆ ಹುಡುಗಿ ಪ್ರಮಾಣಪತ್ರಗಳನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಕನ್ನಡ ಬಲ್ಲ ತರಗತಿಯ ಅಧ್ಯಾಪಕಿ ಮತ್ತು ಕಂಪ್ಯೂಟರಿನಲ್ಲಿ ತುಂಬುವವರು ಹತ್ತು ನಿಮಿಷ ಒಟ್ಟಿಗೆ ಕುಳಿತು, ಮಗುವಿನ ಜನನ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡು ಓದಿ ನೋಡಿದರೆ ಈ ಎರಡೂ ತಪ್ಪುಗಳು ಆಗುವುದಿಲ್ಲ. ಇದಕ್ಕೆ ಹೊಸ ಯಂತ್ರ ಬೇಡ, ಹಣ ಬೇಡ; ಒಬ್ಬರ ಬಳಿಗೆ ಒಬ್ಬರು ಹೋಗುವ ಮನಸ್ಸು ಬೇಕು.

ಆಚರಣೆಯಲ್ಲಿ ತರಬೇಕಾದ ಕೆಲವು ವಿಷಯಗಳು

ನಾನು ಓದಿ ತಿಳಿದುದನ್ನೂ ಅನುಭವಿಸಿದುದನ್ನೂ ಸೇರಿಸಿ, ಕಚೇರಿ ಕಾರ್ಖಾನೆಗಳಲ್ಲಿ ದುಡಿಯುವ ನನ್ನ ಶಿಷ್ಯರಿಗೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಒಂದನೆಯದಾಗಿ, ಶಬ್ದಗಳ ಅರ್ಥವನ್ನು ಎಲ್ಲ ವಿಭಾಗದವರೂ ಸೇರಿ ನಿಶ್ಚಯಿಸಿಕೊಳ್ಳಬೇಕು. 'ಸರಕು ಬಂತು' ಎಂದರೆ ಲಾರಿ ಗೇಟಿಗೆ ಬಂದಾಗಲೋ, ಎಣಿಸಿ ಒಳಗಿಟ್ಟಾಗಲೋ, ಪರೀಕ್ಷಿಸಿ ಒಪ್ಪಿಕೊಂಡಾಗಲೋ? ಖರೀದಿಯವರು ಟನ್ನಿನಲ್ಲಿ, ಉಗ್ರಾಣದವರು ಗೋಣಿಯಲ್ಲಿ ಎಣಿಸಿದರೆ ಒಂದು ಗೋಣಿಗೆ ಎಷ್ಟು ಕಿಲೋ? ಸೇರನ್ನು ಮೊದಲ ದಿನವೇ ತೂಗಬೇಕು.

ಎರಡನೆಯದಾಗಿ, ಬರೆಯುವವನಿಗೆ ತಾನು ಬರೆದದ್ದು ಯಾರಿಗೆ ಬೇಕು ಎಂಬುದು ತಿಳಿದಿರಬೇಕು. ಉಗ್ರಾಣದವನು ಒಂದು ವಾರ ಲೆಕ್ಕಪತ್ರದವರ ಮೇಜಿನ ಬಳಿ ಕುಳಿತುಕೊಂಡರೆ, ತನ್ನ ತಡದಿಂದ ಅವರಿಗೆ ಆಗುವ ತೊಂದರೆ ಕಣ್ಣಿಗೆ ಕಾಣುತ್ತದೆ. ಲೆಕ್ಕಪತ್ರದವರು ಒಂದು ದಿನ ಮಳೆಯಲ್ಲಿ ಲಾರಿ ಇಳಿಸುವಲ್ಲಿ ನಿಂತರೆ, ತಡ ಏಕಾಗುತ್ತದೆ ಎಂಬುದು ಅವರಿಗೂ ಅರ್ಥವಾಗುತ್ತದೆ.

ಮೂರನೆಯದಾಗಿ, ಗುಟ್ಟಿನ ಪುಸ್ತಕಗಳ ಬಗ್ಗೆ ಎಚ್ಚರವಿರಬೇಕು. ಸಾಮಾನ್ಯ ವ್ಯವಸ್ಥೆಯಲ್ಲಿ ನಂಬಿಕೆ ಇಲ್ಲದಿದ್ದಾಗ ಪ್ರತಿಯೊಂದು ವಿಭಾಗವೂ ತನ್ನದೇ ಆದ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಇಟ್ಟುಕೊಳ್ಳುತ್ತದೆ. ಅಂತಹ ಹಾಳೆ ಕಂಡರೆ ಸಿಟ್ಟಾಗುವ ಬದಲು, ಸಾಮಾನ್ಯ ಪುಸ್ತಕದಲ್ಲಿ ಅವರಿಗೆ ಏನು ಸಿಗುತ್ತಿಲ್ಲ ಎಂಬುದನ್ನು ಕೇಳಬೇಕು.

ನಾಲ್ಕನೆಯದಾಗಿ, ಕೆಳಗಿನ ಮೆಟ್ಟಿಲಲ್ಲಿ ನಿಂತು ಕೆಲಸ ಮಾಡುವವರನ್ನು ಮೊದಲು ಕೇಳಬೇಕು. ಕಡತದಲ್ಲಿ ಇಲ್ಲದ ತಿಳಿವಳಿಕೆ ಅವರ ಕೈಯಲ್ಲಿರುತ್ತದೆ. ಹೊಸ ವ್ಯವಸ್ಥೆಯನ್ನು ಕಟ್ಟುವ ಸಭೆಗೆ ಪ್ರತಿಯೊಂದು ವಿಭಾಗದಿಂದಲೂ ಕೆಲಸ ಬಲ್ಲ ಒಬ್ಬರು ಬರಬೇಕು. ಬಿಡುವಾಗಿದ್ದಾರೆಂದು ಯಾರನ್ನೋ ಕಳುಹಿಸಬಾರದು.

ಕೊನೆಯದಾಗಿ, ತಪ್ಪನ್ನು ಹುಡುಕುವುದು ಬೇರೆ, ತಪ್ಪಿತಸ್ಥನನ್ನು ಹುಡುಕುವುದು ಬೇರೆ. ಒಬ್ಬರ ತಪ್ಪು ಎಲ್ಲರಿಗೂ ಕಾಣುವ ವ್ಯವಸ್ಥೆಯಲ್ಲಿ ದೂಷಣೆಯ ಭಯವಿದ್ದರೆ ಜನ ತಪ್ಪನ್ನು ಮುಚ್ಚುತ್ತಾರೆ; ಮುಚ್ಚಿದ ತಪ್ಪು ಬೆಳೆಯುತ್ತದೆ. ಮನಸ್ತಾಪವನ್ನು ತಾನಾಗಿ ಸರಿಹೋದೀತೆಂದು ಬಿಡುವ ಮೇಲಧಿಕಾರಿ ಆ ತಪ್ಪಿನಲ್ಲಿ ಪಾಲುದಾರ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಮುಕ್ತಾಯ

ಸೇರನ್ನು ತೂಗಿದ ಆ ದಿನ ನಾನು ಎಲ್ಲ ಅಧ್ಯಾಪಕರ ಎದುರಿನಲ್ಲಿ ಆ ಅಕ್ಕನಲ್ಲಿ ಕ್ಷಮೆ ಕೇಳಿದೆ. ಅವರು "ಇರಲಿ ಮಾಸ್ಟ್ರೇ, ಮಕ್ಕಳು ಉಂಡದ್ದಲ್ಲವೇ" ಎಂದು ಹೇಳಿ ಒಲೆಯ ಬಳಿಗೆ ಹೋದರು. ಮರುದಿನದಿಂದ ಪ್ರತಿ ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಕಾಲು ಗಂಟೆ ನಾವು ನಾಲ್ವರು, ಅಂದರೆ ತರಗತಿಯ ಅಧ್ಯಾಪಕರು, ಊಟದ ಲೆಕ್ಕದವರು, ಅಡುಗೆಯ ಅಕ್ಕ ಮತ್ತು ನಾನು ಒಟ್ಟಿಗೆ ಕುಳಿತು ಮೂರು ಲೆಕ್ಕಗಳನ್ನೂ ಹೊಂದಿಸಿ ನೋಡುವ ಪದ್ಧತಿಯನ್ನು ಆರಂಭಿಸಿದೆವು. ಮಾತು ಬಿಟ್ಟಿದ್ದ ಇಬ್ಬರು ಅಧ್ಯಾಪಕರು ಮೊದಲ ಎರಡು ವಾರ ಲೆಕ್ಕವನ್ನಷ್ಟೇ ಮಾತನಾಡಿದರು. ಆಮೇಲೆ ಮನೆಯ ಕ್ಷೇಮವನ್ನೂ ವಿಚಾರಿಸತೊಡಗಿದರು. ನಾನು ನಿವೃತ್ತನಾಗುವವರೆಗೂ ಆ ಶುಕ್ರವಾರದ ಪದ್ಧತಿ ನಡೆದುಬಂತು. ಅಕ್ಕಿಯ ಲೆಕ್ಕ ಮತ್ತೆ ತಪ್ಪಲಿಲ್ಲ.

ಇಂದು ಪುಸ್ತಕದ ಸ್ಥಾನದಲ್ಲಿ ಕಂಪ್ಯೂಟರ್ ಬಂದಿದೆ. ಅದು ಬಹಳ ದೊಡ್ಡ ಅನುಕೂಲ, ಬೇಡವೆನ್ನುವುದು ಜಾಣತನವಲ್ಲ. ಆದರೆ ಶುಕ್ರವಾರದ ಆ ಕಾಲು ಗಂಟೆಯನ್ನು ಅದು ತಾನಾಗಿ ತಂದುಕೊಡುವುದಿಲ್ಲ; ಅದನ್ನು ನಾವೇ ಇಟ್ಟುಕೊಳ್ಳಬೇಕು. ನಮ್ಮ ಶಾಲೆ ಐವತ್ತು ವರ್ಷ ಬಾಳಿ ಬಂದಿರುವುದು ಸಹ ಆಡಳಿತ ಮಂಡಳಿ, ಅಧ್ಯಾಪಕ ವೃಂದ, ರಕ್ಷಕ ಶಿಕ್ಷಕ ಸಂಘ ಮತ್ತು ಊರಿನ ಮಹನೀಯರು ಕಷ್ಟಕಾಲದಲ್ಲಿ ಒಟ್ಟಿಗೆ ಕುಳಿತು ಮಾತನಾಡಿದ್ದರಿಂದಲೇ. ಮುಂದಿನ ಐವತ್ತು ವರ್ಷಗಳ ಕಾಲವೂ ಈ ಅಂಗಳದಲ್ಲಿ ಕನ್ನಡದ ಪಾಠ ಕೇಳಿಸುತ್ತಿರಲಿ, ಶಾಲೆಯ ಲೆಕ್ಕದಲ್ಲಿ ನಮ್ಮ ಒಂದು ಮಗುವಿನ ಹೆಸರೂ ಬಿಟ್ಟುಹೋಗದಿರಲಿ ಎಂದು ಹಾರೈಸುತ್ತೇನೆ.